ಮೂರನೇ ಕುರ್ಚಿ

ಸೋಮವಾರ, ಬುಧವಾರ, ಶುಕ್ರವಾರ
ಬೆಳಗಿನ ಏಳಕ್ಕೆ ಟ್ರೆಜೀಸ್ ಬರುತ್ತಾರೆ.
ಮೂರನೇ ಕುರ್ಚಿ. ಕಿಟಕಿಯಾಚೆ
ಪೋರ್ಟ್ ಪಿರಿಯ ಸೀಸದ ಕಾರ್ಖಾನೆ,
ಊರಿನ ಯಾವ ಮೂಲೆಗೆ ಹೋದರೂ ಬೆನ್ನು ಬಿಡದ ಚಿಮಣಿ.
ಮೂವತ್ತೊಂದು ವರ್ಷ ಅದರ ಬುಡದಲ್ಲಿ ದುಡಿದ ತೋಳನ್ನು
ಮಾತಿಲ್ಲದೆ ನನ್ನ ಮುಂದೆ ಚಾಚುತ್ತಾರೆ,
ಅಂಗಡಿಯವನ ಮುಂದೆ ಚೀಲ ಒಡ್ಡಿದ ಹಾಗೆ.

ಈ ಬುಧವಾರ ಮಾತಿತ್ತು.
ಜೇಬಿನಿಂದ ಪೇಪರಿನ ಚೂರೊಂದು ತೆಗೆದು
"ರಕ್ತದಲ್ಲೂ ಪ್ಲಾಸ್ಟಿಕ್ಕಂತೆ ಸಿಸ್ಟರ್,
ಕಣ್ಣಿಗೆ ಕಾಣದಷ್ಟು ಸಣ್ಣದಂತೆ.
ಹೆದರಬೇಕೋ ಬೇಡವೋ, ಅದನ್ನು ಮಾತ್ರ ಬರೆದಿಲ್ಲ."

ಸೂಜಿ ಚುಚ್ಚಿದೆ.
ಅವರ ರಕ್ತ ಕೊಳವೆಯೊಳಗೆ ಏರಿ, ಸುರುಳಿ ಸುತ್ತಿ,
ಕೂದಲಿನಂಥ ಸಾವಿರಾರು ಎಳೆಗಳ
ಪ್ಲಾಸ್ಟಿಕ್ ಜರಡಿಯೊಳಗೆ ನುಸುಳಿ,
ತೊಳೆದುಕೊಂಡು ತೋಳಿಗೆ ವಾಪಸು.
ಇಬ್ಬರೂ ಅದನ್ನೇ ನೋಡಿದೆವು.
ನಗು ಮೊದಲು ಯಾರಿಗೆ ಬಂತೋ ನೆನಪಿಲ್ಲ.

ನಕ್ಕದ್ದೇನೋ ಸರಿ. ಉತ್ತರ?
ಹುಡುಕಿದಲ್ಲೆಲ್ಲ ಸಿಕ್ಕಿದೆ,
ಸಿಕ್ಕಿದ್ದು ಏನು ಮಾಡುತ್ತದೆ ಎಂಬುದು ಇನ್ನೂ ಸಿಕ್ಕಿಲ್ಲ.
ಹುಡುಕುವವರ ಕೈಗವಸು, ಬಾಟಲಿ, ಅವೂ ಉದುರಿಸುತ್ತವಂತೆ:
ಕಳ್ಳನನ್ನು ಹಿಡಿಯಹೋದವನ ಜೇಬಿನಲ್ಲೇ ಕದ್ದ ಮಾಲು.
"ಗೊತ್ತಿಲ್ಲ" ಅಂದರೆ "ಏನಿಲ್ಲ" ಅಂತಲ್ಲ,
"ಏನೋ ಇದೆ" ಅಂತಲೂ ಅಲ್ಲ.
ಇದನ್ನು ಬಿ.ಪಿ. ಪಟ್ಟಿ ಕಟ್ಟುತ್ತ ಹೇಗೆ ಹೇಳಲಿ?
ನೂರನಲವತ್ತೆರಡು, ಎಂಬತ್ತೆಂಟು.
ಇಷ್ಟಾದರೆ ಹೇಳಬಲ್ಲೆ.

ಹೋದ ವರ್ಷ ನಾನೂ ಹೆದರಿದ್ದೆ.
ಒಂದು ಭಾನುವಾರ ಮನೆಯ ಡಬ್ಬಗಳನ್ನೆಲ್ಲ ಹೊರಗೆಸೆದೆ,
ಗಾಜು ತಂದೆ, ಸ್ಟೀಲು ತಂದೆ,
ಸೊಪ್ಪು ತೊಳೆಯುತ್ತ ನೋಡಿದರೆ
ಗೋಡೆಯೊಳಗಿನ ಪೈಪೇ ಪ್ಲಾಸ್ಟಿಕ್ಕು, ಮೈಮೇಲಿನ ಸ್ವೆಟರೂ.
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.
ಎಸೆದ ಡಬ್ಬಗಳಾದರೂ ಎಲ್ಲಿಗೆ ಹೋದವು?

ಟ್ರೆಜೀಸ್ ಕಾಯುತ್ತಿದ್ದರು. ನಾಲ್ಕು ತಾಸು, ಅವಸರವಿಲ್ಲ.
"ಸೀಸಕ್ಕೂ ಹೀಗೇ," ಅವರೇ ಶುರುಮಾಡಿದರು,
"ಹಾಲು ಕುಡಿ, ಹೋಗುತ್ತದೆ ಅಂದ ನಮ್ಮ ಮೇಸ್ತ್ರಿ.
ಕುಡಿದೆವು. ದಿನಕ್ಕೊಂದು ಪಿಂಟು.
ಆಮೇಲೆ ಬಂದು ನಮ್ಮ ಡೆನೀಸಳ ಬೆರಳು ಚುಚ್ಚಿದರು,
ಮೂರು ವರ್ಷ ಅವಳಿಗೆ. ನಂಬರು ಹೇಳಿದರು.
ಬೆರಿಲ್ ಅಳಲಿಲ್ಲ. ಒಣ ಪೊರಕೆ ಎತ್ತಿಟ್ಟಳು.
ಕಿಟಕಿ ಕಟ್ಟೆ, ಬಾಗಿಲ ಸಂದು, ಆಟದ ಸಾಮಾನು,
ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದಳು,
ಸಾಯುವ ಹಿಂದಿನ ವಾರದವರೆಗೂ.
ಡೆನೀಸ್ ಊರು ಬಿಟ್ಟು ಆಗಲೇ ಇಪ್ಪತ್ತು ವರ್ಷ."

ಅಷ್ಟು ಹೇಳಿ ಸುಮ್ಮನಾದರು.
ಡೆನೀಸಳಿಗೆ ಮುಂದೆ ಏನಾದರೂ ಆಯಿತೇ,
ಏನೂ ಆಗಲಿಲ್ಲವೇ, ಕೇಳಬೇಕೆನ್ನುವಷ್ಟರಲ್ಲಿ
ಐದನೇ ಕುರ್ಚಿಯ ಯಂತ್ರ ಕೂಗಿತು. ಓಡಿದೆ.

ಹನ್ನೊಂದೂವರೆಗೆ ಸೂಜಿ ತೆಗೆದು ಹತ್ತಿ ಒತ್ತಿದೆ.
ಕೊಳವೆ, ಜರಡಿ, ಚೀಲ, ಕೈಗವಸು, ಎಲ್ಲ ಹಳದಿ ಡಬ್ಬಕ್ಕೆ.
ಒಬ್ಬ ಮನುಷ್ಯನ ಎರಡು ದಿನದ ಆಯುಸ್ಸಿಗೆ
ಇಷ್ಟು ಪ್ಲಾಸ್ಟಿಕ್.
ಪೇಪರಿನ ಚೂರನ್ನು ನನಗೇ ಕೊಟ್ಟರು.
"ಶುಕ್ರವಾರ ಸಿಗೋಣ," ಅಂದರು ಬಾಗಿಲಲ್ಲಿ.

ಕುರ್ಚಿ ಒರೆಸಿದೆ: ತೋಳು, ಬೆನ್ನು, ಕಾಲು.
ಒದ್ದೆ ಬಟ್ಟೆಯಲ್ಲಿ; ಇಲ್ಲಿನ ನಿಯಮವೂ ಅದೇ.
ಬಟ್ಟೆಯ ಪೊಟ್ಟಣದ ಬೆನ್ನಿಗೆ
ಇರುವೆ ಗಾತ್ರದ ಅಕ್ಷರ: ಪಾಲಿಯೆಸ್ಟರ್.
ಇನ್ನೊಂದನ್ನು ಎಳೆದು
ಕಿಟಕಿ ಕಟ್ಟೆಯನ್ನೂ ಒರೆಸಿದೆ,
ಅದು ನನ್ನ ಕೆಲಸವಲ್ಲದಿದ್ದರೂ.
ಬಟ್ಟೆ ತಿರುಗಿಸಿ ನೋಡಿದೆ.
ಬೂದಿ ಬಣ್ಣ.