ಹನ್ನೊಂದನೇ ಪ್ರಶ್ನೆ

ಮೈಸೂರಿನ ಆಸ್ಪತ್ರೆಯಿಂದ ಲಕೋಟೆ ಬಂದಿದೆ
ಗೋಣಿಕೊಪ್ಪದ ನನ್ನ ಪಂಪ್ ರಿಪೇರಿ ಅಂಗಡಿಗೆ.
ಮನೆಗೆ ಕಳಿಸಬೇಡಿ ಎಂದು ನಾನೇ ಹೇಳಿದ್ದೆ.
ಒಳಗೆ ಎರಡು ಹಾಳೆ, ಹದಿನಾಲ್ಕು ಪ್ರಶ್ನೆ,
ಒಂದೊಂದರ ಮುಂದೆಯೂ ಐದೈದು ಖಾಲಿ ಸೊನ್ನೆ.
ಒಂದು ಅಂದರೆ ಏನೂ ತೃಪ್ತಿಯಿಲ್ಲ,
ಐದು ಅಂದರೆ ಪೂರ್ತಿ.

ಊರಿಗೆಲ್ಲ ಅದು ಹರ್ನಿಯಾ.
ಹಾತೂರಿನ ಮಂದಪ್ಪ ಜೀಪು ನಿಲ್ಲಿಸಿ ಕೇಳುತ್ತಾನೆ,
'ಹೇಗುಂಟು ಬೆಳ್ಯಪ್ಪ? ಭಾರ ಎತ್ತಬೇಡ ಮಾರಾಯ.'
ಎತ್ತುವುದಿಲ್ಲ ಅನ್ನುತ್ತೇನೆ.

ಫೆಬ್ರವರಿ. ಮಳೆ ಬಾರದಿದ್ದರೆ
ಕಾಫಿ ಮೊಗ್ಗಿಗೆ ನಾವೇ ಮಳೆ ಆಗಬೇಕು.
ಸುತ್ತಲಿನ ತೋಟಗಳ ಪಂಪುಗಳೆಲ್ಲ ನನ್ನ ಅಂಗಳದಲ್ಲಿ:
ಸೀಲು ಹೋದದ್ದು, ಫುಟ್‌ವಾಲ್ವ್ ಕಚ್ಚಿಕೊಂಡದ್ದು,
ನೀರೆತ್ತದೆ ಬರೀ ಗಾಳಿ ಎಳೆದು ಊಳಿಡುವುದು.
ಮೂವತ್ತೊಂದು ವರ್ಷ ಯಾರದೋ ಕೆರೆಯಿಂದ
ಯಾರದೋ ಗಿಡಕ್ಕೆ ನೀರು ಏರಿಸಿದವನು ನಾನು.
ಡಾಕ್ಟರು ಮೇಜಿನ ಮೇಲೆ ಮಾದರಿ ಇಟ್ಟು
ಇದು ಟ್ಯಾಂಕ್, ಇದು ಪಂಪ್, ಇವೆರಡು ಕೊಳವೆ
ಎಂದಾಗ ನಾಚಿಕೆ ಮರೆತು ಕೇಳಿದ್ದೆ,
ವಾಲ್ವ್ ಎಷ್ಟು ವರ್ಷ ಬಾಳಿಕೆ ಸಾರ್?
ಅವರು ನಕ್ಕರು. ನಾನು ನಗಲಿಲ್ಲ.

ನೋವು ಇದೆಯೇ? ಮೊದಲ ತಿಂಗಳು ಇತ್ತು,
ತಿತಿಮತಿಯ ಹಂಪ್ ದಾಟುವಾಗ ಕಣ್ಣಲ್ಲಿ ನೀರು. ಈಗಿಲ್ಲ. ಐದು.
ಬಳಸಲು ಸುಲಭವೇ? ನನ್ನನ್ನೇ ಕೇಳುತ್ತೀರಾ ಇದನ್ನು! ಐದು.
ಅಳತೆ ಮೊದಲಿನಷ್ಟೇ ಇದೆಯೇ?
ಪೆನ್ನು ನಿಂತಿತು.
ಒಂದು ಬೆರಳಗಲ ಕಮ್ಮಿ. ಮೊದಲೇ ಹೇಳಿದ್ದರು,
ಕೇಳಿಸಿಕೊಂಡಿರಲಿಲ್ಲ. ಮೂರು.
ಮತ್ತೊಮ್ಮೆ ಆಯ್ಕೆ ಸಿಕ್ಕರೆ ಇದನ್ನೇ ಮಾಡಿಸುತ್ತೀರಾ?
ಸಕ್ಕರೆ ಕಾಯಿಲೆ ಒಳಗೊಳಗೇ ತಿಂದ ನರ,
ತಲೆ ಸಿಡಿಸುವ ನೀಲಿ ಮಾತ್ರೆ, ಬಚ್ಚಲಲ್ಲಿ ಬಾಗಿಲು ಹಾಕಿ
ಚುಚ್ಚಿಕೊಂಡ ಸೂಜಿ, ಅದೂ ಸೋತ ರಾತ್ರಿ
ಎಲ್ಲ ನೆನಪಾಗಿ, ಐದನ್ನು ಎಷ್ಟು ಒತ್ತಿ ತುಂಬಿದೆನೆಂದರೆ
ಕೆಳಗಿನ ಹಾಳೆಯಲ್ಲೂ ಗುರುತು ಬಿತ್ತು.

ಹನ್ನೊಂದು: ನಿಮ್ಮ ಸಂಗಾತಿಯ ತೃಪ್ತಿ.
ಇದಕ್ಕೂ ಐದು ಎಂದು ಅರ್ಧ ತುಂಬಿದವನು
ಯಾಕೋ ನಿಲ್ಲಿಸಿ, ಹಾಳೆ ಮಡಚಿ ಜೇಬಿಗಿಟ್ಟು ಮನೆಗೆ ಹೋದೆ.

ದಮಯಂತಿ ಮೊರದಲ್ಲಿ ಕರಿಮೆಣಸು ಗೇರುತ್ತಿದ್ದಳು.
ಅಂಗನವಾಡಿಯವಳು, ಎಷ್ಟು ಫಾರಂ ತುಂಬಿಲ್ಲ,
ಯಾರ ಯಾರ ಮಕ್ಕಳ ತೂಕ ಬರೆದಿಲ್ಲ.
ಕನ್ನಡಕ ಹಾಕಿ ಹದಿನಾಲ್ಕನ್ನೂ ಓದಿದಳು,
ನನ್ನ ಉತ್ತರಗಳ ಸಮೇತ.
'ಮೂರು ಹಾಕಿ.'
ಮೂರಾ?
'ಕೆಲಸ ಮಾಡ್ತದೆ, ಇಲ್ಲ ಅಂದ್ನಾ?
ಆ ಪಂಪು ಒತ್ತುವಾಗ ನಿಮ್ಮ ಮುಖ ನೋಡಿ ನಗು ಬರ್ತದೆ, ಅದೂ ಇರ್ಲಿ.
ಆರು ವರ್ಷ ಗೋಡೆಗೆ ಮುಖ ಹಾಕಿ ಗೊರಕೆ ನಟಿಸಿದ್ರಲ್ಲ,
ಮೇಲೆ ಕೈ ಇಟ್ರೆ ಕೆಂಡ ಬಿದ್ದ ಹಾಗೆ ಸರಿದ್ರಲ್ಲ,
ನಂಗೆ ಬೇಕಿದ್ದದ್ದು ಅದೊಂದೇ ಅಂತ ಯಾರು ಹೇಳಿದ್ದು ನಿಮ್ಗೆ?
ಬೆನ್ನಿಗೆ ಬೆನ್ನು ತಾಗಿದ್ರೂ ಸಾಕಿತ್ತು.
ಎರಡು ಅಂಕ ಅದಕ್ಕೆ ಕಟ್.'
ತಾನೇ ಪೆನ್ನು ತೆಗೆದು ಮೂರನ್ನು ತುಂಬಿ
ಮೊರ ಎತ್ತಿಕೊಂಡಳು.

ರಾತ್ರಿ ಹನ್ನೊಂದಕ್ಕೆ ತ್ರೀ-ಫೇಸ್ ಕರೆಂಟು ಬಂತು, ಮಾಯಮುಡಿಯಿಂದ ಫೋನೂ ಬಂತು:
ಮೋಟಾರು ಓಡುತ್ತೆ, ನೀರಿಲ್ಲ.
ಹೋದೆ. ಗಾಳಿ ಬಿಡಿಸಿದೆ. ಕತ್ತಲಲ್ಲಿ
ಚಿಕ್ ಚಿಕ್ ಎಂದು ಸುತ್ತತೊಡಗಿತು ನೀರು.
ಎರಡು ಗಂಟೆಗೆ ಹಿಂದಿರುಗಿದರೆ
ಅವಳು ಗೋಡೆಯ ಕಡೆಗೆ ತಿರುಗಿದ್ದಳು.
ಮಲಗಿ, ನನ್ನ ಬೆನ್ನನ್ನು ಅವಳ ಬೆನ್ನಿಗೆ ಇಟ್ಟೆ.
ಸರಿಯಲಿಲ್ಲ. ನಿದ್ದೆಯೋ ನಟನೆಯೋ, ಕೇಳಲಿಲ್ಲ.

ಫಾರಂ ಇನ್ನೂ ಅಂಗಡಿಯ ಡ್ರಾಯರಿನಲ್ಲಿ,
ಹಳೇ ಬೇರಿಂಗುಗಳ ಕೆಳಗೆ, ಗ್ರೀಸು ಹತ್ತಿ.
ಆಸ್ಪತ್ರೆಯ ಹುಡುಗಿ ಎರಡು ಸಲ ಫೋನು ಮಾಡಿದಳು.
ಹನ್ನೊಂದರಲ್ಲಿ ಮೂರೂ ಇದೆ, ಅರ್ಧ ಐದೂ ಇದೆ ಅಂದೆ.
ಒಂದೇ ಪ್ರಶ್ನೆಗೆ ಎರಡು ಉತ್ತರ ಇದ್ದರೆ
ಅದು ಲೆಕ್ಕಕ್ಕೆ ಬರುವುದಿಲ್ಲವಂತೆ.