ಟನ್ನಿಗೆ ಮೂರು ಗ್ರಾಂ

ಹಟ್ಟಿ ಮಿಲ್ಲಿನ ಸಯನೈಡ್ ಟಾಂಕಿಯ ಮೇಲೆ
ಹನ್ನೊಂದು ವರ್ಷ ರಾತ್ರಿಪಾಳಿ ಮಾಡಿದವನಿಗೆ
ವಿಷದ ಬಗ್ಗೆ ಯಾರೂ ಹೇಳಬೇಕಾಗಿರಲಿಲ್ಲ.
ಆದರೂ ಹೈದರಾಬಾದಿನ ಡಾಕ್ಟರಮ್ಮ ಕೂರಿಸಿಕೊಂಡು
ಹಿಂದಲೆಯ ಗಡ್ಡೆ ಬರೆದು ತೋರಿಸಿ ಹೇಳಿದಳು:
ತೆಗೆದಿದ್ದೇವೆ, ಪುಡಿ ಉಳಿದಿರುತ್ತದೆ.
ಮೂರು ತುಂಬದ ಮಿದುಳಿಗೆ ಕರೆಂಟು ಇಡುವಂತಿಲ್ಲ,
ಅದಕ್ಕೇ ಔಷಧಿಯನ್ನೇ ಏರಿಸುತ್ತೇವೆ,
ಮೂಳೆಯೊಳಗಿನ ರಕ್ತದ ಬೀಜವೂ ಸುಟ್ಟುಹೋಗುವಷ್ಟು.
ಮೊದಲೇ ಆ ಬೀಜ ತೆಗೆದಿಟ್ಟು ಆಮೇಲೆ ವಾಪಸು ಕೊಡುತ್ತೇವೆ.

"ಅಕಿದು ಅಕಿಗೇ ಏನ್ರಿ?" ಅಂದೆ.
ಹೌದು ಅಂದಳು.
ಅಷ್ಟರಲ್ಲಿ ಹುಲಿಗೆಮ್ಮ ಅವಳ ಪೆನ್ನಿನ ಮುಚ್ಚಳ
ಬಾಯಿಗಿಟ್ಟುಕೊಂಡಿದ್ದಳು.

ಬೀಜ ತೆಗೆದ ದಿನ
ಯಂತ್ರ ನಾಲ್ಕು ತಾಸು ತಿರುಗಿತು.
ಒಂದು ನಳಿಗೆಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತು
ಮಗಳ ರಕ್ತ, ಅಷ್ಟೂ ರಕ್ತ, ಮತ್ತೆ ಮತ್ತೆ.
ಕೊನೆಗೆ ಉಳಿದದ್ದು ಅಂಗೈಯಗಲ ಚೀಲದಲ್ಲಿ
ಟೊಮೆಟೊ ಸಾರಿನ ಬಣ್ಣದ ಇಷ್ಟು.
ಇಷ್ಟೇನಾ ಅಂತ ಬಸಲಿಂಗಮ್ಮ ಅತ್ತಳು.
ನಾನು ಅಳಲಿಲ್ಲ. ಟನ್ ಕಲ್ಲು ಅರೆದರೆ
ಮೂರು ಗ್ರಾಂ ಸಿಗುವ ಊರಿನವನು ನಾನು.
ಇಷ್ಟು ಅಂದರೆ ಎಷ್ಟು ಅಂತ ಗೊತ್ತು.

ಆಮೇಲೆ ಏರಿಸಿದರು.
ನಮ್ಮ ಟಾಂಕಿಯಲ್ಲಿ ವಿಷ ಚಿನ್ನವನ್ನು ಹುಡುಕಿಕೊಂಡು ಹೋಗುತ್ತದೆ,
ಕಲ್ಲನ್ನು ಕಲ್ಲಾಗಿಯೇ ಬಿಡುತ್ತದೆ.
ಸುಣ್ಣ ಕಡಿಮೆ ಬಿದ್ದರೆ ಗಾಳಿಗೆದ್ದು ನಮ್ಮನ್ನೇ ಹಿಡಿಯುತ್ತದೆ, ಅದೂ ಗೊತ್ತು.
ಇದಕ್ಕೆ ಯಾವ ಸುಣ್ಣ? ಇದಕ್ಕೆ ಕಣ್ಣೇ ಇಲ್ಲ.
ಬಾಯಿಯಿಂದ ಕೆಳಗಿನವರೆಗೆ ಒಳಗೋಡೆಯೆಲ್ಲ ಕಿತ್ತಿತು,
ಉಗುಳು ನುಂಗಲಾರದೆ ಕೂಸು ಬಟ್ಟಲು ಹಿಡಿದು ಕೂತಿತು.
ಒಂದು ಔಷಧಿ ಬೆವರಿನಲ್ಲಿ ಹೊರಬರುತ್ತದಂತೆ,
ತೊಳೆಯದಿದ್ದರೆ ಚರ್ಮ ಸುಡುತ್ತದಂತೆ.
ಆರು ತಾಸಿಗೊಮ್ಮೆ ಸ್ನಾನ. ರಾತ್ರಿ ಎರಡಕ್ಕೂ.
ಅದು ನನ್ನ ಪಾಳಿ. ಕೈಗವಸು ಹಾಕಿಕೊಂಡು
ಬಗಲು, ತೊಡೆಸಂದು, ಕುತ್ತಿಗೆಯ ಮಡಿಕೆ,
ಮಿಲ್ಲಿನಿಂದ ಬಂದು ಕೈ ತೊಳೆಯುತ್ತಿದ್ದ ಎಚ್ಚರದಲ್ಲೇ
ಮಗಳನ್ನು ತೊಳೆದೆ.
"ಯಪ್ಪಾ, ನಾ ಹೊಲಸಾಗೀನೇನು?" ಅಂದಳು.
ಏನು ಹೇಳಿದೆನೋ ನೆನಪಿಲ್ಲ.

ಗುಡಗುಂಟಿಯ ಅಮರೇಶ್ವರನಿಗೆ ಮುಡಿ ಕೊಡುತ್ತೇನೆಂದು
ನಮ್ಮವ್ವ ಹರಕೆ ಹೊತ್ತಿದ್ದಳು.
ಮುಡಿ ದಿಂಬಿನ ಮೇಲೆಯೇ ಬಿತ್ತು. ಚೀಲದಲ್ಲಿ ಕಟ್ಟಿ ತಂದೆ,
ದೇವರು ಲೆಕ್ಕಕ್ಕೆ ಹಿಡಿಯುತ್ತಾನೋ ಇಲ್ಲವೋ.

ಬೀಜ ವಾಪಸು ಕೊಡುವ ದಿನಕ್ಕೆ ಅವರು ಸೊನ್ನೆ ಅನ್ನುತ್ತಾರೆ.
ಹೊಗೆಯಾಡುವ ಡಬ್ಬಿಯಿಂದ ಚೀಲ ತೆಗೆದರು,
ಬೆಚ್ಚನೆ ನೀರಿನಲ್ಲಿ ಅದ್ದಿದರು,
ಏರಿಸಿದರು, ಹತ್ತು ನಿಮಿಷ, ಮುಗಿಯಿತು.
ಕೋಣೆಯೆಲ್ಲ ಬೆಳ್ಳುಳ್ಳಿ ನಾತ.
ಬೀಜ ಕೆಡದಿರಲಿ ಅಂತ ಬೆರೆಸಿದ್ದರ ವಾಸನೆ ಅಂದಳು ನರ್ಸು.
ಎಂಟು ದಿನದಿಂದ ಏನೂ ತಿನ್ನದ ಹುಲಿಗಿ
ಕಣ್ಣು ತೆರೆಯದೆ, "ಅವ್ವ ಚಟ್ನಿ ಕುಟ್ಟಾಕತ್ತಾಳ" ಅಂದಳು.

ಬಿಳಿಕಣ ಸೊನ್ನೆ. ಮರುದಿನ ಸೊನ್ನೆ.
ಒಂಬತ್ತನೆಯ ದಿನ ಜ್ವರ, ಸೊನ್ನೆ.
ಹನ್ನೊಂದನೆಯ ದಿನದ ಹಾಳೆಯಲ್ಲಿ: ನೂರು.
ಮಡಚಿ, ಗಣಿಯ ಗುರುತಿನ ಚೀಟಿಯ ಹಿಂದೆ ಇಟ್ಟುಕೊಂಡೆ.
ಹೀಗೆ ಮೂರು ಸಲ.

ಈಗ ಕ್ಯಾಂಪಿನ ಮನೆ. ಅವಳಿಗೆ ಐದು.
ಕೂದಲು ಬೇರೆ ಯಾರದೋ ಬಂದಂತೆ ಬಂದಿದೆ, ಗುಂಗುರು.
ಸಣ್ಣ ದನಿಗಳು ಹೋಗಿವೆ: ಕುಕ್ಕರಿನ ಸೀಟಿ,
ಗುಬ್ಬಿ, ಅವಳದೇ ಕಾಲ್ಗೆಜ್ಜೆ.
ಔಷಧಿ ಹಿಡಿದುಕೊಂಡ ಕೂಲಿ ಅದು.
ಮೂರು ತಿಂಗಳಿಗೊಮ್ಮೆ ತಲೆಯ ಚಿತ್ರ.
ನಾಡಿದ್ದಿನ ರೈಲಿಗೆ ಬಸಲಿಂಗಮ್ಮ ಇವತ್ತೇ ಚೀಲ ತುಂಬುತ್ತಾಳೆ,
ತೆಗೆಯುತ್ತಾಳೆ, ಮತ್ತೆ ತುಂಬುತ್ತಾಳೆ.

ಪಾಳಿ ಬದಲಾಗುವ ಹೊತ್ತಿಗೆ
ಎರಡು ಸಾವಿರ ಅಡಿ ಕೆಳಗೆ ಮದ್ದು ಸಿಡಿಸುತ್ತಾರೆ,
ಗೂಡಿನಲ್ಲಿ ತಾಟು ಒಂದಿಷ್ಟು ನಡುಗುತ್ತದೆ.
ಗೆಜ್ಜೆ ಕೇಳದ ಹುಡುಗಿ
ಬರಿಗಾಲಲ್ಲಿ ಬಂಡೆಯ ಮೇಲೆ ನಿಂತು
"ಯಪ್ಪಾ, ಬಂತು" ಅನ್ನುತ್ತಾಳೆ,
ತಾಟಿಗಿಂತ ಮೊದಲು.