ಹತ್ತು ಗ್ರಾಂ ಎಳೆ

ತರಾವಾ ದಡದ ಕ್ಲಿನಿಕ್ಕಿನಲ್ಲಿ
ಇಯೋತೆಬಾ ಅಜ್ಜ ಕಾಲು ಚಾಚಿದ.
ಸಕ್ಕರೆ ಕಾಯಿಲೆಗೆ ಹನ್ನೊಂದು ವರ್ಷ.
ಹಿಮ್ಮಡಿಯ ಬಿರುಕಿನಲ್ಲಿ ಹವಳದ ಚೂರು,
ಹೊಕ್ಕು ಎಷ್ಟು ದಿನವೋ, ಅವನಿಗೇ ಸುದ್ದಿಯಿಲ್ಲ.

ನನ್ನ ಕೈಯ ನೈಲಾನ್ ಎಳೆ ಕಂಡು ನಕ್ಕ:
'ಗಾಳದ ದಾರವಲ್ಲವೇನೇ ಇದು, ರೂಟಾ!
ಕತ್ತಲಲ್ಲೂ ಬೆರಳಿಗೆ ಗೊತ್ತು,
ತುದಿ ಕಚ್ಚಿದ್ದು ಯಾವ ಮೀನೆಂದು.'

'ಕಣ್ಣು ಮುಚ್ಚಜ್ಜ. ತಾಗಿದರೆ ಹೇಳು.'
ಹೆಬ್ಬೆರಳು. ಮೌನ.
ಅಂಗಾಲಿನ ಉಬ್ಬು. ಮೌನ.
ಎಳೆ ಬಾಗುತ್ತದೆ. ಅವನು ಕಾಯುತ್ತಾನೆ,
ಕಾಯುವುದರಲ್ಲೇ ಪಳಗಿದವನು.

'ಶುರು ಮಾಡಿದೆಯಾ?'

ಉತ್ತರಿಸದೆ ಕಿರುಬೆರಳ ಬುಡಕ್ಕೆ ಇಳಿಸಿದೆ.
ಹುಬ್ಬು ಅದುರಿತು:
'ಹಾಂ... ಸಣ್ಣದು. ಕಚ್ಚಿತು.'

ಕಡತದಲ್ಲಿ ಒಂದೇ ಒಂದು ಚುಕ್ಕಿ.
ಗಾಯ ತೊಳೆದು, ಬೂಟು ಮುಂದಿಟ್ಟೆ.
'ಮೀನುಗಳು ನಗುತ್ತವೆ,' ಅಂದ.
'ನಗಲಿ. ದಿನವೂ ಮೊದಲು ಒಳಗೆ ಬೆರಳಾಡಿಸು,
ಕಾಲು ಆಮೇಲೆ.'